ಟೇಪಣ್ಣನೂ ಕಾರಿನ ಆರದ ದೀಪವೂ

ಯಾವ ಗಾಡಿ ಬಂದು ನಿಂತರೂ, ಅದರ ಒಡೆಯ ಇಳಿದು ಬಾಯಿ ತೆರೆಯುವ ಮೊದಲೇ, ಟೇಪಣ್ಣನ ಪ್ರಶ್ನೆ ಸಿದ್ಧವಾಗಿರುತ್ತಿತ್ತು: "ನನಗಿಂತ ಮುಂಚೆ ಇದಕ್ಕೆ ಯಾರು ಕೈ ಹಾಕಿದ್ದು?" ಏನು ಕೆಟ್ಟಿದೆ, ಎಂದಿನಿಂದ ಕೆಟ್ಟಿದೆ, ಹಾರ್ನು ಕೂಗುವುದಿಲ್ಲವೋ ದೀಪ ಹತ್ತುವುದಿಲ್ಲವೋ ಎಂಬುದೆಲ್ಲ ಅವನಿಗೆ ಆಮೇಲಿನ ವಿಚಾರ. ಬೀದಿಯ ತುದಿಯಲ್ಲಿ, ಟೈರು ಅಂಗಡಿಗೂ ಗಾಜಿನ ಅಂಗಡಿಗೂ ನಡುವೆ ಇಕ್ಕಟ್ಟಾಗಿ ನಿಂತಿದ್ದ ಅವನ ಷೆಡ್ಡಿಗೆ ಬರುವ ಹಳೆಯ ಗಿರಾಕಿಗಳು ಈ ಪ್ರಶ್ನೆಗೆ ಉತ್ತರವನ್ನು ದಾರಿಯಲ್ಲೇ ಹೊಂದಿಸಿಕೊಂಡು ಬರುತ್ತಿದ್ದರು. "ಯಾರೂ ಇಲ್ಲಣ್ಣ, ನೀನು ಮಾಡಿದ್ದೇ ಕೊನೆ" ಎಂದು ಸುಳ್ಳು ಹೇಳಿದವರೂ ಉಂಟು. ಆದರೆ ಆ ಸುಳ್ಳಿನ ಆಯುಷ್ಯ ಬಾನೆಟ್ ತೆರೆಯುವ ತನಕ ಮಾತ್ರ. ಟೇಪಣ್ಣ ಕತ್ತು ಓರೆ ಮಾಡಿ, ವೈರುಗಳ ಗೊಂಚಲಿನಲ್ಲಿ ಬೆರಳಾಡಿಸಿ, ಎಲ್ಲೋ ಮೂಲೆಯಲ್ಲಿದ್ದ ಒಂದು ಕಪ್ಪು ಟೇಪಿನ ಸುತ್ತನ್ನು ಹಿಡಿದು ಮೇಲೆತ್ತಿ, "ಇದು ಪೆಟ್ರೋಲ್ ಬಂಕಿನ ಪಕ್ಕದವನ ಕೆಲಸ. ಟೇಪನ್ನ ಎಳೆದು ಸುತ್ತೋದಿಲ್ಲ, ಸೋಮಾರಿ. ಅಲ್ಲಿಗೆ ಯಾಕೆ ಹೋಗಿದ್ದೆ, ಹೇಳು" ಎಂದು ವಿಚಾರಣೆಗೆ ಇಳಿಯುತ್ತಿದ್ದ. ಊರಿನ ಗಾಡಿ ಎಲೆಕ್ಟ್ರಿಷಿಯನ್ನರಲ್ಲಿ ಯಾರು ಟೇಪು ಹೇಗೆ ಸುತ್ತುತ್ತಾರೆ ಎಂಬುದು ಅವನಿಗೆ ಬಾಯಿಪಾಠವಾಗಿತ್ತು. ಟೇಪಣ್ಣ ಎಂಬ ಹೆಸರು ಬಿದ್ದದ್ದು ಹಾಗೆ, ಮತ್ತು ಅವನ ತಾಯಿ ಇಟ್ಟ ಹೆಸರು ಏನೆಂದು ನಮ್ಮ ಬೀದಿಯಲ್ಲಿ ಯಾರೂ ಕೇಳಿದವರಲ್ಲ.

ಆಳು ಉದ್ದ, ಆದರೆ ಆ ಉದ್ದವನ್ನು ಪೂರ್ತಿಯಾಗಿ ಕಂಡವರು ಕಡಿಮೆ. ವರ್ಷಾನುಗಟ್ಟಲೆ ಸ್ಟೇರಿಂಗಿನ ಕೆಳಗೆ ತಲೆ ತೂರಿಸಿ ತೂರಿಸಿ, ಬೆನ್ನು ಎಡಕ್ಕೆ ಬಾಗಿ, ನಡೆಯುವಾಗಲೂ ಯಾವುದೋ ಅದೃಶ್ಯ ಡ್ಯಾಶ್‌ಬೋರ್ಡಿನಡಿ ನುಸುಳುತ್ತಿರುವವನಂತೆ ನಡೆಯುತ್ತಿದ್ದ. ಮೈಮೇಲೆ ಸದಾ ಒಂದು ನೀಲಿ ಕೋಟು; ವೈರು ಬೆಸೆಯುವ ಕಾದ ಸೋಲ್ಡರಿಂಗ್ ಕಡ್ಡಿಯನ್ನು ಮರೆತು ಜೇಬಿಗಿಟ್ಟುಕೊಂಡು ಸುಟ್ಟುಕೊಂಡ ತೂತುಗಳು ಅದರ ತುಂಬ. ಅದು ಮೂಲತಃ ಅವನ ಹೆಂಡತಿ ಕೆಲಸ ಮಾಡುವ ಹೆರಿಗೆ ಆಸ್ಪತ್ರೆಯ ಲ್ಯಾಬಿನವರು ಹಳತಾಯಿತೆಂದು ಬಿಟ್ಟ ಬಿಳಿ ಕೋಟು; ಆಕೆ ಅದಕ್ಕೆ ಬಣ್ಣ ಹಾಕಿಸಿ ತಂದುಕೊಟ್ಟಿದ್ದಳು. ತಂದ ದಿನ ಟೇಪಣ್ಣ ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ಮುರುಗಿಸಿ ನೋಡಿ, ಮೊದಲು ಇದನ್ನು ಯಾರು ತೊಡುತ್ತಿದ್ದರು ಎಂದು ವಿಚಾರಿಸಿದ. ನಿವೃತ್ತಿಯಾದ ಒಬ್ಬ ಮುದುಕಿಯದು ಎಂದು ಖಾತ್ರಿಯಾದ ಮೇಲೆಯೇ ತೋಳಿಗೆ ಕೈ ಹಾಕಿದ್ದು.

ಅವನ ಹೊಟ್ಟೆಕಿಚ್ಚಿಗೆ ಒಂದು ಘನತೆಯಿತ್ತು, ಅದನ್ನು ಮುಚ್ಚಿಡುವ ಕ್ಷುದ್ರತನ ಅವನಲ್ಲಿರಲಿಲ್ಲ. ನಾವೆಲ್ಲ ಪಕ್ಕದವನ ಏಳಿಗೆ ಕಂಡು ಒಳಗೊಳಗೇ ಕುದಿದು ಹೊರಗೆ ನಗುವವರು. ಟೇಪಣ್ಣನಿಗೆ ಆ ನಟನೆ ಬಾರದು. ಯಾರನ್ನಾದರೂ ಯಾರಾದರೂ ಅವನೆದುರು ಹೊಗಳಿದರೆ ಮುಖ ತಕ್ಷಣ ಊದಿಕೊಳ್ಳುತ್ತಿತ್ತು. ಅಣ್ಣನ ಮನೆಗೆ ಊಟಕ್ಕೆ ಹೋದಾಗ ಅತ್ತಿಗೆ, "ಈ ನಲ್ಲಿ ರಿಪೇರಿ ಮಾಡಿದವನು ಎಷ್ಟು ಚೆನ್ನಾಗಿ ಮಾಡಿದಾನೆ ನೋಡಿ, ಒಂದು ಹನಿ ಸೋರಲ್ಲ" ಎಂದಳಂತೆ. ನಲ್ಲಿಗೂ ಇವನಿಗೂ ಏನು ಸಂಬಂಧ? ಆದರೂ ಅರ್ಧ ಊಟದಲ್ಲಿ ಎದ್ದು ಹೋಗಿ, ನಲ್ಲಿಯನ್ನು ತಿರುಗಿಸಿ, ಇನ್ನಷ್ಟು ಬಿಗಿ ಮಾಡಿ, "ಈಗ ಸರಿಯಾಯ್ತು" ಎಂದು ಬಂದು ಕುಳಿತ. ಮಾರನೆಯ ದಿನದಿಂದ ಆ ನಲ್ಲಿ ಸೋರಲು ಶುರುವಾಯಿತೆಂದು ಅತ್ತಿಗೆ ಇಂದಿಗೂ ಹೇಳುತ್ತಾಳೆ. ರೇಡಿಯೋದಲ್ಲಿ ಬೆಳಗಿನ ಸುದ್ದಿ ಓದುವವನ ಧ್ವನಿ ಗಂಭೀರವಾಗಿದೆ ಎಂದು ಹೆಂಡತಿ ಒಮ್ಮೆ ಹೇಳಿದ್ದಕ್ಕೆ, ಆ ರೇಡಿಯೋ ವಾರಗಟ್ಟಲೆ ರಿಪೇರಿಯ ನೆಪದಲ್ಲಿ ಬಿಚ್ಚಿಕೊಂಡು ಷೆಡ್ಡಿನಲ್ಲಿ ಮಲಗಿತ್ತು. ಮನೆಯ ಬೆಕ್ಕು ಆಕೆಯ ತೊಡೆಯ ಮೇಲೆ ಕಣ್ಣು ಮುಚ್ಚಿ ಕೂರುವುದನ್ನು ಕಂಡರೂ ಅವನಿಗೆ ಆಗುತ್ತಿರಲಿಲ್ಲ.

ಇಷ್ಟೆಲ್ಲ ಚಿಲ್ಲರೆ ಹೊಟ್ಟೆಕಿಚ್ಚು. ಸಗಟಾಗಿ, ಒಬ್ಬನಿಗೆಂದೇ ಮೀಸಲಾಗಿ ಇಟ್ಟಿದ್ದು ಎಡಚನ ಮೇಲೆ. ಎಡಗೈಯಲ್ಲಿ ಕೆಲಸ ಮಾಡುವುದರಿಂದ ಎಡಚ ಎನಿಸಿಕೊಂಡ ಈ ಮನುಷ್ಯ, ಟೇಪಣ್ಣನ ಜೊತೆಯಲ್ಲೇ, ಒಬ್ಬನೇ ಮೇಸ್ತ್ರಿಯ ಕೈಕೆಳಗೆ ವೈರು ಹಿಡಿಯಲು ಕಲಿತವನು. ಒಂದು ದಿನ ಮೇಸ್ತ್ರಿ ಯಾವುದೋ ಲಾರಿಯ ವೈರಿಂಗ್ ನೋಡುತ್ತ, "ಎಡಚನ ಜಾಯಿಂಟು ಕಣ್ಣಿಗೆ ಒತ್ತಿಕೊಳ್ಳೋ ಹಾಗಿದೆ" ಎಂದುಬಿಟ್ಟರು. ಮೇಸ್ತ್ರಿ ತೀರಿಹೋದರು, ಲಾರಿ ಗುಜರಿ ಸೇರಿತು, ಎಡಚ ಊರಿನ ಆ ಬದಿಗೆ, ಹೆರಿಗೆ ಆಸ್ಪತ್ರೆಯ ಹಿಂಭಾಗದಲ್ಲಿ ತನ್ನದೇ ಅಂಗಡಿ ಇಟ್ಟುಕೊಂಡ; ಆ ಮಾತು ಮಾತ್ರ ಟೇಪಣ್ಣನ ಗಂಟಲಲ್ಲಿ ಮುಳ್ಳಾಗಿ ಉಳಿಯಿತು. ಎಡಚ ಟೇಪನ್ನು ಎಲ್ಲರೂ ಸುತ್ತುವುದಕ್ಕೆ ತಿರುವುಮುರುವಾಗಿ ಸುತ್ತುತ್ತಿದ್ದ, ಮತ್ತು ಕೊನೆಯ ತುದಿಯನ್ನು ಒಂದಿಷ್ಟು ಮಡಚಿ ಬಿಡುತ್ತಿದ್ದ, ಮುಂದೆ ಬಿಚ್ಚುವವನ ಉಗುರಿಗೆ ಸುಲಭವಾಗಲಿ ಎಂದು. ಟೇಪಣ್ಣನ ಮೈ ಉರಿಯುತ್ತಿದ್ದುದು ಈ ಮಡಚಿದ ತುದಿಗೆ. "ಮುಂದೆ ಬಿಚ್ಚುವವನಿಗೆ ಯಾಕಯ್ಯ ಇಷ್ಟು ಉಪಚಾರ? ಬಿಚ್ಚುವ ಪ್ರಸಂಗ ಬರುತ್ತೆ ಅಂತ ಮೊದಲೇ ಗೊತ್ತಿದ್ದರೆ ಸರಿಯಾಗಿ ಸುತ್ತಬೇಕಿತ್ತು" ಎಂದು ಅವನು ಗಾಳಿಯೊಡನೆ ಜಗಳವಾಡಿದ್ದನ್ನು ಟೈರು ಅಂಗಡಿಯವನು ಕೇಳಿದ್ದಾನೆ.

ಇನ್ನು ಅವನ ಹೆಂಡತಿ. ಆಸ್ಪತ್ರೆಯಲ್ಲೂ ಬೀದಿಯಲ್ಲೂ ಸಿಸ್ಟರಮ್ಮ ಎಂದೇ ಹೆಸರಾದವಳು, ಅಗಲವಾದ ಮುಖದ, ಚುರುಕು ನಡಿಗೆಯ, ಕಥೆ ಹೇಳುವ ಹೆಂಗಸು. ಹೆರಿಗೆ ಆಸ್ಪತ್ರೆಯೆಂದರೆ ಕಥೆಗೆ ಬರವೇ? ಗಂಡು ಮಗುವೆಂದು ಹೆಸರು ಗೊತ್ತುಮಾಡಿಕೊಂಡು ಬಂದ ಅಜ್ಜನಿಗೆ ಅವಳಿ ಹೆಣ್ಣುಮಕ್ಕಳನ್ನು ಕೈಗಿತ್ತದ್ದು, ಹೆಂಡತಿಯ ನೋವು ಕೇಳಲಾರದೆ ಗಂಡನೇ ಮೂರ್ಛೆ ಬಿದ್ದು ಹಾಸಿಗೆ ಹಿಡಿದದ್ದು, ಇಂಥವನ್ನೆಲ್ಲ ಆಕೆ ಸಂಜೆ ಬಂದು, ಚಪ್ಪಲಿ ಬಿಡುತ್ತಲೇ ಶುರುಮಾಡಿ, ದನಿ ಬದಲಿಸಿ ಬದಲಿಸಿ ಹೇಳುವುದನ್ನು ಟೇಪಣ್ಣ ಮದುವೆಯಾದ ಹೊಸತರಲ್ಲಿ ಬಾಗಿಲ ಚೌಕಟ್ಟಿಗೆ ಒರಗಿ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಹಗಲೆಲ್ಲ ಸತ್ತ ಬ್ಯಾಟರಿಗಳ ನಡುವೆ ಕೂತವನಿಗೆ ಅದಕ್ಕಿಂತ ದೊಡ್ಡ ಸುಖ ಬೇರೊಂದಿರಲಿಲ್ಲ. ಆದರೆ ಕಥೆಗಳು ಬರಬರುತ್ತ ಕುಗ್ಗಿದವು. ಮೊದಲು ದನಿ ಬದಲಿಸುವುದು ನಿಂತಿತು, ಆಮೇಲೆ ಹೆಸರುಗಳು ಬಿಟ್ಟುಹೋದವು, ಕೊನೆಗೆ "ಇವತ್ತು ಏನಾಯ್ತು?" ಎಂದರೆ "ಏನಿಲ್ಲ, ದಿನಾ ಇದ್ದದ್ದೇ" ಎಂಬ ಒಂದು ಸಾಲು. ಕಾರಣ ತಿಳಿಯದೆ ಟೇಪಣ್ಣ ಒಳಗೇ ಸೊರಗಿದ. ಆ ಕಥೆಗಳು ಬೇರೆ ಎಲ್ಲಿಗೋ ಹೋಗುತ್ತಿವೆ ಎಂಬ ಗುಮಾನಿ ಅವನನ್ನು ಕಿತ್ತು ತಿನ್ನುತ್ತಿತ್ತು.

ಅವಳ ಹತ್ತಿರ ಒಂದು ಬೂದುಬಣ್ಣದ ಹಳೆಯ ಪುಟ್ಟ ಕಾರಿತ್ತು. ಟೇಪಣ್ಣ ಗುಜರಿಯವನಿಂದ ಬಿಡಿಸಿ ತಂದು, ತುದಿಯಿಂದ ತುದಿಗೆ ಹೊಸ ವೈರು ಎಳೆದು ಕೊಟ್ಟದ್ದು. ಒಂದು ಸಂಜೆ ಆಕೆ ಬಂದವಳೇ, "ರೀ, ಕಾರಿನ ಒಳಗಿನ ದೀಪ ಆರ್ತಾನೇ ಇಲ್ಲ. ಬಾಗಿಲೆಲ್ಲ ಹಾಕಿದ್ರೂ ಉರೀತಾನೇ ಇದೆ" ಎಂದಳು. ಕೆಲಸ ಬಲ್ಲವನಿಗೆ ಇದೊಂದು ಕಾಯಿಲೆಯೇ ಅಲ್ಲ. ಒಂದೊಂದು ಬಾಗಿಲ ಚೌಕಟ್ಟಿನಲ್ಲೂ ಒಂದು ಸಣ್ಣ ಗುಂಡಿಯಿರುತ್ತದೆ. ಬಾಗಿಲು ಮುಚ್ಚಿದಾಗ ಅದು ಒಳಗೊತ್ತಿಕೊಂಡು ದೀಪ ಆರುತ್ತದೆ, ತೆರೆದಾಗ ಹೊರಬಂದು ದೀಪ ಹತ್ತುತ್ತದೆ. ಗುಂಡಿ ತುಕ್ಕು ಹಿಡಿದೋ, ಕೊಳೆ ಕೂತೋ ಕೈಕೊಟ್ಟರೆ ಮುಚ್ಚಿದ ಬಾಗಿಲನ್ನೂ ಗಾಡಿ ತೆರೆದೇ ಇದೆಯೆಂದು ತಿಳಿಯುತ್ತದೆ. ದೀಪದ ಬಳಿಯ ಸ್ವಿಚ್ಚು ಸರಿಯಾದ ಕಡೆಗಿದೆಯೇ ನೋಡಿ, ಒಂದೊಂದೇ ಗುಂಡಿಯನ್ನು ಬೆರಳಿನಿಂದ ಒತ್ತಿ, ಯಾವುದಕ್ಕೆ ದೀಪ ಆರುತ್ತದೋ ಅದನ್ನು ಬಿಚ್ಚಿ ಒರೆಸಿದರೆ ಮುಗಿಯಿತು. ಟೇಪಣ್ಣ ಹಾಗೆ ಮಾಡಲಿಲ್ಲ. ಕುರ್ಚಿಯಿಂದ ಏಳಲೂ ಇಲ್ಲ.

"ಕೊನೆಗೆ ತೆಗೆದಿದ್ದು ಯಾವ ಬಾಗಿಲು?" ಎಂದ.

"ಹಿಂದಿನ ಎಡಗಡೇದು."

"ಹಿಂದೆ ಯಾರು ಕೂತಿದ್ರು?"

"ಆಸ್ಪತ್ರೇಲಿ ಔಷಧಿ ಕೊಡೋ ಅವರು. ಅವರ ಸ್ಕೂಟರ್ ಕೆಟ್ಟಿತ್ತು."

"ಆ ಗುಂಗುರು ಕೂದಲಿನವನಾ? ಅವನ ಸ್ಕೂಟರ್ ಮೊನ್ನೆ ತಾನೇ ನಾನು ಸರಿ ಮಾಡಿದ್ದೆ. ಎಲ್ಲಿ ಇಳಿಸಿದೆ ಅವನನ್ನ?"

"ದೀಪ ಆರೋದಕ್ಕೂ ಅವರು ಇಳಿದ ಜಾಗಕ್ಕೂ ಏನ್ರೀ ಸಂಬಂಧ?"

"ಇದೆ. ಬಾಗಿಲನ್ನ ಎಷ್ಟು ಜೋರಾಗಿ ಹಾಕ್ದ ಅಂತ ಗೊತ್ತಾಗ್ಬೇಕು. ಅವಸರದಲ್ಲಿ ಇಳಿದ್ನೋ, ನಿಧಾನವಾಗಿ ಮಾತಾಡ್ಕೊಂಡು ಇಳಿದ್ನೋ?"

ಸಿಸ್ಟರಮ್ಮ ಗಂಡನ ಮುಖ ನೋಡಿದಳು. ಹೆರಿಗೆ ನೋವಿನಲ್ಲಿ ಬೈಯುವ ಹೆಂಗಸರನ್ನು ನೋಡಿ ನೋಡಿ ಪಳಗಿದ ನೋಟ ಅದು. ಅದರಲ್ಲಿ ಸಿಟ್ಟಿರಲಿಲ್ಲ, ಆದರೆ ಮಾತು ಮುಂದುವರಿಸುವ ಉತ್ಸಾಹವೂ ಇರಲಿಲ್ಲ. "ಬಿಡಿ, ಬಲ್ಬನ್ನೇ ಕಿತ್ತು ಇಟ್ಕೋತೀನಿ" ಎಂದು ಒಳಗೆ ಹೋದಳು. ಇವನೂ ಬಿಗುಮಾನ ಬಿಡಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡದವಳ ದೀಪವನ್ನು ನಾನೇಕೆ ನೋಡಲಿ ಎಂದು ಮುಖ ಊದಿಸಿಕೊಂಡು ಕೂತ, ಬಲ್ಬು ಕಿತ್ತ ಕಾರು ಮರುದಿನ ಆಸ್ಪತ್ರೆಗೆ ಹೋಯಿತು.

ಕೆಲವು ದಿನ ಕಳೆದ ಮೇಲೆ, ಆಕೆ ಕಾರಿನಿಂದ ಇಳಿದು ಬಾಗಿಲು ಹಾಕುವುದಕ್ಕೂ ಇವನು ಕಿಟಕಿಯಿಂದ ನೋಡುವುದಕ್ಕೂ ಸರಿಹೋಯಿತು. ಒಳಗೆ ಬಲ್ಬು ಮತ್ತೆ ಬಂದು ಕೂತಿತ್ತು, ದೀಪ ಉರಿಯುತ್ತಿತ್ತು. ಬಾಗಿಲು ಮುಚ್ಚಿದೊಡನೆ, ಸಾಧು ಮಗುವಿನಂತೆ, ಆರಿತು. ತಾನು ಮುಟ್ಟದ ದೀಪ ತಾನಾಗಿ ಸರಿಹೋಗುವ ಲೋಕದಲ್ಲಿ ಅವನು ಬದುಕಿರಲಿಲ್ಲ. ಆಕೆ ಸ್ನಾನಕ್ಕೆ ಹೋದದ್ದೇ ತಡ, ಟಾರ್ಚು ಹಿಡಿದು ಹೊರಗೆ ಬಂದು, ಹಿಂದಿನ ಎಡಬಾಗಿಲು ತೆರೆದು, ಮಂಡಿಯೂರಿ, ಗುಂಡಿಯ ಸ್ಕ್ರೂ ಬಿಚ್ಚಿ ವೈರನ್ನು ಹೊರಗೆಳೆದ. ಗುಂಡಿ ಹೊಸದು. ವೈರಿನ ಜಾಯಿಂಟು ಅಚ್ಚುಕಟ್ಟು. ಟೇಪು ತಿರುವುಮುರುವಾಗಿ ಸುತ್ತಿತ್ತು, ಮತ್ತು ಅದರ ತುದಿಯನ್ನು, ಮುಂದೆ ಬಿಚ್ಚುವವನಿಗೆ ಸುಲಭವಾಗಲಿ ಎಂದು, ಒಂದಿಷ್ಟು ಮಡಚಿ ಬಿಟ್ಟಿತ್ತು.

ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಎನ್ನುತ್ತೇವಲ್ಲ, ಅದು ಅಲಂಕಾರದ ಮಾತಲ್ಲವೆಂದು ಟೇಪಣ್ಣನಿಗೆ ಅವತ್ತು ಗೊತ್ತಾಯಿತು. ನನ್ನ ಹೆಂಡತಿ, ನಾನು ವೈರು ಎಳೆದ ಗಾಡಿ, ಅದನ್ನು ತೆಗೆದುಕೊಂಡು ಹೋಗಿ ಎಡಚನ ಮುಂದೆ ನಿಲ್ಲಿಸಿದಳಲ್ಲ! ಅವನ ಅಂಗಡಿ ಆಸ್ಪತ್ರೆಯ ಹಿಂದೆಯೇ ಇದೆ, ದಾರಿಯಲ್ಲೇ ಸಿಗುತ್ತದೆ ಎಂಬ ನ್ಯಾಯವಾದ ಮಾತು ತಲೆಗೆ ಹೊಳೆಯಿತಾದರೂ ಹೊಟ್ಟೆಗೆ ಇಳಿಯಲಿಲ್ಲ. ಅವಳೆದುರು ಎಡಚ ಈ ಗುಂಡಿಯನ್ನು ಹಾಕುತ್ತಿದ್ದಾಗ ಅವಳು ಎಲ್ಲಿ ನಿಂತಿದ್ದಳು, ಏನೆಂದಳು, ದೀಪ ಆರಿದಾಗ ನಕ್ಕಳೇ, ನಕ್ಕಿದ್ದರೆ ಎಷ್ಟು ನಕ್ಕಳು, ಎಲ್ಲವನ್ನೂ ಅವನು ಕಣ್ಣಾರೆ ಕಂಡವನಂತೆ ಕಂಡ. ಕೇಳಲು ಮಾತ್ರ ಬಾಯಿ ಬರಲಿಲ್ಲ. ಕೇಳಿದರೆ ತಾನು ಬಿಚ್ಚಿ ನೋಡಿದ್ದು ಹೊರಬೀಳುತ್ತದೆ.

ಮರುದಿನ ಆಕೆಗೆ ರಜೆ, ಮಧ್ಯಾಹ್ನ ಮಲಗಿದ್ದಳು. ಟೇಪಣ್ಣ ಕತ್ತರಿ ತೆಗೆದುಕೊಂಡು ಹೋಗಿ, ಎಡಚನ ಜಾಯಿಂಟನ್ನು ಬಿಚ್ಚಲೂ ಇಲ್ಲ, ಇಡಿಯಾಗಿ ಕತ್ತರಿಸಿ ಚರಂಡಿಗೆ ಎಸೆದ. ಉಳಿದ ವೈರನ್ನು ಎಳೆದು, ತನ್ನ ಕೈಯಾರೆ ಕೂಡಿಸಿ, ತನ್ನ ಟೇಪನ್ನು ತನ್ನ ರೀತಿಯಲ್ಲಿ, ಯಾರೂ ಬಿಚ್ಚಲಾರದಷ್ಟು ಬಿಗಿಯಾಗಿ ಸುತ್ತಿದ. ಕೆಲಸ ಬಲ್ಲ ಯಾರೂ ಮಾಡದ ತಪ್ಪು ಅದು. ಕತ್ತರಿಸಿದ್ದರಿಂದ ವೈರು ಗಿಡ್ಡವಾಗಿತ್ತು. ಗಿಡ್ಡವಾದದ್ದು ಬಿಗಿದು, ಚೌಕಟ್ಟಿನ ತಗಡಿನ ಅಂಚಿಗೆ ಒತ್ತಿಕೊಂಡು ಕೂತಿತ್ತು. ಬೇರೆಯವರ ಗಾಡಿಯಾಗಿದ್ದರೆ ಅವನೇ ಇದನ್ನು ಕಂಡು ಉಗಿಯುತ್ತಿದ್ದ. ಅವತ್ತು ಅವನ ಕಣ್ಣು ಟೇಪಿನ ಮೇಲಿತ್ತೇ ಹೊರತು ವೈರಿನ ಮೇಲಿರಲಿಲ್ಲ.

ಬಾಗಿಲು ಹಾಕಿ ತೆಗೆದು ಹಾಕಿ ತೆಗೆದು, ಅಂಚು ಉಜ್ಜಿ ಉಜ್ಜಿ, ವೈರಿನ ಮೇಲಿನ ರಬ್ಬರು ಸವೆದು, ಒಳಗಿನ ತಾಮ್ರ ಕಾರಿನ ತಗಡಿಗೆ ತಾಗಿತು. ತಾಗಿದ ಮೇಲೆ ಗುಂಡಿ ಒತ್ತಿದರೇನು, ಬಿಟ್ಟರೇನು? ದೀಪ ಉರಿಯಲು ಹತ್ತಿತು. ಆಸ್ಪತ್ರೆಯ ಅಂಗಳದ ಬಿಸಿಲಿನಲ್ಲಿ ಒಳಗಿನ ಪುಟ್ಟ ದೀಪ ಯಾರ ಕಣ್ಣಿಗೂ ಬೀಳಲಿಲ್ಲ, ಬ್ಯಾಟರಿ ಮೊದಲೇ ಮುದಿ. ಸಿಸ್ಟರಮ್ಮ ಕೆಲಸ ಮುಗಿಸಿ ಬಂದು ಕೀಲಿ ತಿರುಗಿಸಿದರೆ ಕಾರು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಆ ಸಂಜೆ ಆಕೆ ತಡವಾಗಿ ಮನೆಗೆ ಬಂದಳು. ಟೇಪಣ್ಣ ಬೀದಿಯ ತುದಿಗೂ ಮನೆಗೂ ಅಡ್ಡಾಡಿ ಅಡ್ಡಾಡಿ ಸುಸ್ತಾಗಿದ್ದ.

"ಬ್ಯಾಟರಿ ಇಳಿದುಹೋಗಿತ್ತು" ಎಂದಳು ಆಕೆ ಊಟಕ್ಕೆ ಕೂತಾಗ. "ಎಡಚಣ್ಣನ ಅಂಗಡಿ ಅಲ್ಲೇ ಹಿಂದೆ ಇದೆಯಲ್ಲ, ಕರೆದೆ. ಅವರ ಬ್ಯಾಟರಿಯಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡಿಸಿದ್ರು. ಆಮೇಲೆ ಹಿಂದಿನ ಬಾಗಿಲ ಹತ್ರ ಏನೋ ಬಿಚ್ಚಿ ನೋಡಿ, ಹೊಸ ವೈರ್ ಹಾಕಿದ್ರು."

"ಏನಂದ?"

"ಇಲಿ ವೈರ್ ಕಡಿದಿದೆ ಅಂದ್ರು."

"ಇಲಿನಾ?"

"ಇಲೀನೇ ಅಂತೆ. ಸಾಕಷ್ಟು ದೊಡ್ಡ ಇಲಿಯಂತೆ" ಎಂದು ಆಕೆ ತಟ್ಟೆಯಿಂದ ಕಣ್ಣೆತ್ತದೆ ಹೇಳಿದಳು.

ಎಡಚನಿಗೆ ಟೇಪು ನೋಡಿದೊಡನೆ ಎಲ್ಲ ತಿಳಿದಿರಬೇಕು. ಒಂದೇ ಮೇಸ್ತ್ರಿಯ ಕೈಯಲ್ಲಿ ಕಲಿತವನು, ಈ ಬಿಗಿ ಸುತ್ತು ಯಾರದೆಂದು ಗುರುತಿಸದಿರುತ್ತಾನೆಯೇ? ಬಾಯಿಬಿಟ್ಟಿದ್ದರೆ ಟೇಪಣ್ಣನ ಮಾನ ಆಸ್ಪತ್ರೆಯ ಅಂಗಳದಲ್ಲಿ ಹರಾಜಾಗುತ್ತಿತ್ತು. ಅವನು ಬಾಯಿ ಬಿಡಲಿಲ್ಲ, ಪಾಪದ ಇಲಿಯ ತಲೆಗೆ ಕಟ್ಟಿದ. ಇದನ್ನು ತಿಳಿದು ಬೇರೆ ಯಾರಾದರೂ ಕೃತಜ್ಞತೆಯಿಂದ ಕರಗುತ್ತಿದ್ದರು. ಟೇಪಣ್ಣನಿಗೆ ಇನ್ನಷ್ಟು ಉರಿಯಿತು. ಎಡಚನ ಕೈಚಳಕವನ್ನು ಹೇಗೋ ಸಹಿಸಿಕೊಂಡು ಬಂದಿದ್ದ. ದೊಡ್ಡತನವೂ ಅವನ ಪಾಲಿಗೇ ಹೋಯಿತೆಂದರೆ ತನಗೆ ಉಳಿದದ್ದೇನು? ಮರುದಿನ ಹೊತ್ತೇರುವ ಮೊದಲೇ, ಷೆಡ್ಡಿಗೆ ಬೀಗ ಜಡಿದು, ನೀಲಿ ಕೋಟಿನಲ್ಲೇ ಎಡಚನ ಅಂಗಡಿಗೆ ಹೋಗಿ ನಿಂತ.

"ನಾನು ಮಾಡಿದ್ದು ಅಂತ ಅವಳಿಗೆ ಯಾಕೆ ಹೇಳ್ಲಿಲ್ಲ?"

ಎಡಚ ಕೈಯಲ್ಲಿದ್ದ ಹಾರ್ನನ್ನು ಬದಿಗಿಟ್ಟ. "ಹೇಳಿದ್ರೆ ನಿನಗೆ ಖುಷಿಯಾಗ್ತಿತ್ತೇನೋ? ಕೂತ್ಕೋ, ಟೀ ತರಿಸ್ತೀನಿ." ಆಮೇಲೆ ಸ್ಟೂಲನ್ನು ಒರೆಸಿ ಮುಂದಕ್ಕೆ ನೂಕುತ್ತ, ಯಾವ ಕಪಟವೂ ಇಲ್ಲದೆ ಅಂದ: "ನಿನ್ನ ಹೆಂಡ್ತಿ ಭಾಳ ಒಳ್ಳೇ ಕಥೆ ಹೇಳ್ತಾಳಪ್ಪ. ಗುಂಡಿ ಹಾಕಿಸೋಕೆ ಬಂದಾಗ ಇದೇ ಸ್ಟೂಲ್ ಮೇಲೆ ಕೂತು, ಹೆರಿಗೆ ವಾರ್ಡಿನಲ್ಲಿ ಮೂರ್ಛೆ ಬಿದ್ದ ಇನ್ನೊಬ್ಬ ಗಂಡನ ಕಥೆ ಹೇಳಿದ್ಲು. ನಕ್ಕು ನಕ್ಕು ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ನಿಲ್ಲಲಿಲ್ಲ. ನಿನಗೆ ದಿನಾ ಹಬ್ಬ ಬಿಡು."

ಟೇಪಣ್ಣ ಆ ಸ್ಟೂಲನ್ನು ನೋಡಿದ. ಕಾಲೊಂದು ಗಿಡ್ಡವಿದ್ದ, ಎಣ್ಣೆ ಕುಡಿದು ಕಪ್ಪಾದ, ಯಾರೂ ಎರಡನೇ ಸಲ ನೋಡದ ಸ್ಟೂಲು. ತಾನು ಹುಡುಕುತ್ತಿದ್ದ ಕಥೆಗಳು ಬಂದು ಇಳಿಯುತ್ತಿದ್ದುದು ಇದರ ಮೇಲೆ. ಔಷಧಿ ಕೊಡುವವನ ಮೇಲೆ, ರೇಡಿಯೋದವನ ಮೇಲೆ, ಬೆಕ್ಕಿನ ಮೇಲೆ ಅವನು ಇಷ್ಟು ವರ್ಷ ಪಟ್ಟ ಹೊಟ್ಟೆಕಿಚ್ಚನ್ನೆಲ್ಲ ಒಟ್ಟುಗೂಡಿಸಿದರೂ ಆ ಸ್ಟೂಲಿನ ಮೇಲೆ ಆ ಗಳಿಗೆಯಲ್ಲಿ ಹುಟ್ಟಿದ್ದಕ್ಕೆ ಸಮವಾಗುತ್ತಿರಲಿಲ್ಲ. ಟೀ ಬರುವ ಮೊದಲೇ ಹೊರಟ. ಸಂಜೆ ಹೆಂಡತಿ ಬಂದು ಚಪ್ಪಲಿ ಬಿಡುತ್ತಿದ್ದಾಗ, ಮೊದಲ ಬಾರಿಗೆ, ವಿಚಾರಣೆಯ ದನಿಯಲ್ಲದೆ, ಸೋತವನ ದನಿಯಲ್ಲಿ ಕೇಳಿದ.

"ಎಡಚನಿಗೆ ಕಥೆ ಹೇಳ್ತೀಯಂತೆ. ನನಗೆ ಯಾಕೆ ಹೇಳಲ್ಲ?"

ಸಿಸ್ಟರಮ್ಮ ಬಹಳ ಯೋಚಿಸಲಿಲ್ಲ. ಈ ಉತ್ತರ ಅವಳಲ್ಲಿ ಎಂದೋ ತಯಾರಾಗಿದ್ದಂತಿತ್ತು. "ಅವರು ಕಥೆ ಕೇಳ್ತಾರೆ. ನೀವು, ಆ ಗಂಡ ಮೂರ್ಛೆ ಬಿದ್ದಾಗ ಹಿಡಿದವರು ಯಾರು, ನೀನೇನಾ, ಎಲ್ಲಿ ಹಿಡಿದೆ ಅಂತ ಕೇಳ್ತೀರಿ. ಅಷ್ಟೊತ್ತಿಗೆ ನನಗೆ ನಗೋದೇ ಮರೆತುಹೋಗಿರುತ್ತೆ. ದೀಪ ಕೆಟ್ಟಿದೆ ಅಂದ್ರೂ ಅದೇ ಪಾಡು. ದಿನಾ ಸಾಕ್ಷಿ ಹೇಳೋಕೆ ನನ್ನಿಂದ ಆಗಲ್ಲ ರೀ."

"ಆ ಇಲಿ ನಾನೇ" ಎಂದ ಟೇಪಣ್ಣ, ಬೇರೇನೂ ತೋಚದೆ.

"ಗೊತ್ತು ಬಿಡಿ. ಬಿಚ್ಚಿದಾಗ ನಾನೂ ಪಕ್ಕದಲ್ಲೇ ನಿಂತಿದ್ದೆ. ಇಲಿ ಟೇಪ್ ಸುತ್ತೋದನ್ನ ನಾನೆಲ್ಲೂ ನೋಡಿಲ್ಲ." ಆಮೇಲೆ ಆಕೆ ಒಂದು ಒಪ್ಪಂದ ಮುಂದಿಟ್ಟಳು: "ಇನ್ನು ಗಾಡಿಗೆ ಏನಾದ್ರೂ ಆದ್ರೆ ನಿಮ್ಮ ಹತ್ರಾನೇ ತರ್ತೀನಿ. ಆದ್ರೆ ನೀವು ಒಂದೇ ಒಂದು ಪ್ರಶ್ನೇನೂ ಕೇಳಬಾರದು. ಕೇಳಿದ್ರೆ ಅವತ್ತಿಂದ ಎಡಚಣ್ಣನೇ ಸೈ." ಟೇಪಣ್ಣ ತಲೆಯಾಡಿಸಿದ. ಕುಡುಕನೊಬ್ಬ ಇನ್ನು ಮುಟ್ಟುವುದಿಲ್ಲವೆಂದು ಆಣೆ ಇಡುವಾಗ ಅವನ ಮುಖ ಹೇಗಿರುತ್ತದೋ ಹಾಗಿತ್ತು ಇವನ ಮುಖ.

ಆ ಆಣೆಯ ಪರೀಕ್ಷೆ ಬೇಗನೇ ಬಂತು. ಒಂದು ಭಾನುವಾರ ಬೆಳಿಗ್ಗೆ ಆಕೆ, "ರೀ, ದೀಪ ಮತ್ತೆ ಆರ್ತಿಲ್ಲ" ಎಂದು ಕಾರಿನ ಕೀಲಿಯನ್ನು ಇವನ ಕೈಗಿತ್ತು, ತಾನೂ ಬಂದು ಮುಂದಿನ ಸೀಟಿನಲ್ಲಿ ಕೂತಳು. ಟೇಪಣ್ಣ ತುಟಿ ಬಿಗಿಹಿಡಿದು ಕೆಲಸ ಶುರುಮಾಡಿದ. ದೀಪದ ಬಳಿಯ ಸ್ವಿಚ್ಚು ಸರಿಯಿತ್ತು. ಒಂದೊಂದು ಬಾಗಿಲ ಗುಂಡಿಯನ್ನೂ ಒತ್ತಿದ, ದೀಪ ಜಗ್ಗಲಿಲ್ಲ. ಎಡಚ ಹಾಕಿದ ಹೊಸ ವೈರನ್ನು ಬೆರಳಿನಿಂದ ಸವರಿದ, ಅದು ಎಲ್ಲೂ ತಗಡಿಗೆ ತಾಗಿರಲಿಲ್ಲ. ಹಲ್ಲು ಕಡಿದು ಮುಂದಕ್ಕೆ ಹೋದ. ಇನ್ನುಳಿದದ್ದು ಡಿಕ್ಕಿ. ಡಿಕ್ಕಿಯ ಮುಚ್ಚಳ ಪೂರ್ತಿ ಕೂರದಿದ್ದರೂ ಈ ಗಾಡಿಯಲ್ಲಿ ಒಳಗಿನ ದೀಪ ಉರಿಯುತ್ತದೆ. ಹಿಂದೆ ಹೋಗಿ ಎತ್ತಿ ನೋಡಿದ.

ಡಿಕ್ಕಿಯ ಅಂಚಿನಲ್ಲಿ, ಬೀಗದ ಕೊಂಡಿಗೆ ಅಡ್ಡವಾಗಿ, ಒಂದು ಬೂಟು ಸಿಕ್ಕಿಕೊಂಡಿತ್ತು. ಪಕ್ಕದಲ್ಲಿ ಅದರ ಜೋಡಿ. ಕಪ್ಪು ಬಣ್ಣದ, ಗಂಡಸಿನ ಬೂಟು. ಟೇಪಣ್ಣನ ಪಾದಕ್ಕಿಂತ ದೊಡ್ಡದು.

ಮುಂದೆ ಕೂತವಳು ಕನ್ನಡಿಯಲ್ಲಿ ಇವನನ್ನು ನೋಡುತ್ತಿದ್ದಳು, ಅದು ಇವನಿಗೂ ಗೊತ್ತಿತ್ತು. ಯಾರದಿದು, ಯಾವಾಗ ಬಂತು, ಬೂಟು ಇಲ್ಲಿದ್ದರೆ ಕಾಲು ಎಲ್ಲಿದೆ, ಒಂದರ ಮೇಲೊಂದು ಪ್ರಶ್ನೆ ನೂಕುನುಗ್ಗಲಾಗಿ ಗಂಟಲಿಗೆ ಬಂದು ನಿಂತವು. ಬೂಟನ್ನು ಕೈಗೆತ್ತಿಕೊಂಡು, ಅಟ್ಟೆಯನ್ನು ತಿರುಗಿಸಿ ನೋಡಿ, ಹಿಮ್ಮಡಿ ಸವೆದ ರೀತಿಯಿಂದ ನಡೆಯುವವನು ಎಂಥವನೆಂದು ಲೆಕ್ಕ ಹಾಕಲು ಹೊರಟು, ಅಲ್ಲಿಗೇ ನಿಲ್ಲಿಸಿದ. ಬೂಟನ್ನು ಅದರ ಜೋಡಿಯ ಪಕ್ಕ, ಮೂಲೆಗೆ, ಬೀಳದಂತೆ ಒರಗಿಸಿಟ್ಟ. ಮುಚ್ಚಳ ಒತ್ತಿದ. ಟಕ್ಕೆಂದು ಕೂತಿತು, ಒಳಗಿನ ದೀಪ ಆರಿತು.

"ಏನಾಗಿತ್ತು?" ಎಂದಳು ಆಕೆ ಕಿಟಕಿಯಿಂದ ತಲೆ ಹೊರಹಾಕಿ.

"ಡಿಕ್ಕಿ ಸರಿಯಾಗಿ ಕೂತಿರಲಿಲ್ಲ."

"ಅಷ್ಟೇನಾ?"

"ಅಷ್ಟೇ" ಎಂದ ಟೇಪಣ್ಣ. ಲಾರಿಯ ವೈರಿಂಗ್ ಇಡಿಯಾಗಿ ಬದಲಿಸಿದ ದಿನವೂ ಅವನು ಅಷ್ಟು ದಣಿದಿರಲಿಲ್ಲ.

ಆ ಹಗಲೆಲ್ಲ ಅವನು ಬೂಟಿನ ಜೊತೆಯಲ್ಲೇ ಕಳೆದ. ಊಟ ಸೇರಲಿಲ್ಲ, ಬೀದಿಯಲ್ಲಿ ಹೋಗುವವರ ಪಾದಗಳನ್ನೇ ನೋಡಿದ, ಔಷಧಿ ಕೊಡುವವನ ಕಾಲು ಸಣ್ಣದೆಂದು ನೆನಪಾಗಿ ಒಂದಿಷ್ಟು ಸಮಾಧಾನಪಟ್ಟ, ಹಾಗಾದರೆ ಮತ್ತ್ಯಾರದು ಎಂದು ಮತ್ತೆ ಕುದಿದ. ಕೇಳಲಿಲ್ಲ. ಮರುದಿನ ಸಂಜೆ ಸಿಸ್ಟರಮ್ಮ ಆಸ್ಪತ್ರೆಯಿಂದ ಬಂದಳು. ಚಪ್ಪಲಿ ಬಿಟ್ಟಳು. ಒಳಗೆ ಹೋಗಬೇಕಾದವಳು ಹೋಗದೆ, ಅಲ್ಲೇ ನಿಂತು, ಸೊಂಟಕ್ಕೆ ಕೈಯಿಟ್ಟು, ಆಸ್ಪತ್ರೆಯ ಮುದಿ ಕಾವಲುಗಾರನ ಗೊಗ್ಗರು ದನಿಯನ್ನು ತನ್ನ ಗಂಟಲಿಗೆ ತಂದುಕೊಂಡು ಶುರುಮಾಡಿದಳು: "'ಸಿಸ್ಟರಮ್ಮಾ, ಕಾಲು ಊದಿಕೊಂಡು ಬೂಟು ಹಿಡಿಸ್ತಿಲ್ಲ, ಬರಿಗಾಲಲ್ಲಿ ಗೇಟು ಕಾದ್ರೆ ದೊಡ್ಡ ಡಾಕ್ಟ್ರು ಬೈತಾರೆ' ಅಂತ ಆ ಮನುಷ್ಯ ಹೇಗೆ ಅಳ್ತಿದ್ದ ಗೊತ್ತೇನ್ರೀ! ಅದಕ್ಕೇ ಶನಿವಾರ ಅವನ ಬೂಟನ್ನ ಡಿಕ್ಕಿಗೆ ಹಾಕ್ಕೊಂಡು ಬಂದಿದ್ದೆ, ಇವತ್ತು ಹೋಗ್ತಾ ಚಮ್ಮಾರನ ಹತ್ರ ಕೊಟ್ಟು ಅಗಲ ಮಾಡಿಸಿದೆ. ಹಾಕ್ಕೊಂಡು ಅಂಗಳದಲ್ಲಿ ಎರಡು ಸುತ್ತು ಪರೇಡ್ ಮಾಡಿದ, ದೊಡ್ಡ ಡಾಕ್ಟ್ರಿಗೇ ಸೆಲ್ಯೂಟ್ ಹೊಡೆದ..." ಕಥೆ ಅಲ್ಲಿಗೆ ನಿಲ್ಲಲಿಲ್ಲ. ಅದರ ಬಾಲ ಹಿಡಿದು ಇನ್ನೊಂದು, ಆ ಇನ್ನೊಂದರಿಂದ ಮತ್ತೊಂದು. ತಿಂಗಳುಗಟ್ಟಲೆ ಬಾಕಿಯುಳಿದಿದ್ದವೆಲ್ಲ ಹೊರಬರತೊಡಗಿದವು. ಟೇಪಣ್ಣ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳಿದ, ಎಲ್ಲಿ ನಗಬೇಕೋ ಅಲ್ಲಿ ನಕ್ಕ, ಅವಳು ಉಸಿರಿಗೆ ನಿಂತಾಗ "ಆಮೇಲೆ?" ಎಂಬ ಒಂದು ಮಾತನ್ನಷ್ಟೇ ಆಡಿದ. ಅದೂ ಪ್ರಶ್ನೆಯೇ ಆದರೂ ಸಿಸ್ಟರಮ್ಮ ಅದನ್ನು ಒಪ್ಪಂದದ ಹೊರಗಿಟ್ಟಳು.

ಆ ಸಂಜೆ ಅವನಷ್ಟು ಸುಖಿ ಆ ಊರಿನಲ್ಲಿ ಇನ್ನೊಬ್ಬನಿದ್ದಿರಲಾರ. ಆದರೆ ಆ ಸುಖದ ನಟ್ಟನಡುವೆಯೂ, ಕಣ್ಣು ಕೆಳಗಿಳಿದು, ತನ್ನ ಚಪ್ಪಲಿಯ ಬಾರು ಕಿತ್ತು ಎಷ್ಟೋ ಕಾಲವಾಯಿತೆಂಬುದೂ, ಅದನ್ನು ಯಾರೂ ಡಿಕ್ಕಿಯಲ್ಲಿಟ್ಟುಕೊಂಡು ಚಮ್ಮಾರನ ಬಳಿ ಒಯ್ಯಲಿಲ್ಲವೆಂಬುದೂ ಅವನಿಗೆ ಥಟ್ಟನೆ ಹೊಳೆಯಿತು. ಕಾವಲುಗಾರನ ಊದಿದ ಕಾಲಿನ ಮೇಲೆ ಅವನಿಗೆ ಸಣ್ಣದೊಂದು ಹೊಟ್ಟೆಕಿಚ್ಚು ಹುಟ್ಟಿತು. ಅದನ್ನು ಹೇಳಲಿಲ್ಲ, ಕಾಲನ್ನು ಮೆಲ್ಲಗೆ ಬಾಗಿಲ ಮರೆಗೆ ಸರಿಸಿಕೊಂಡ.

ಇಂಥವರು ತಿದ್ದಿಕೊಳ್ಳುತ್ತಾರೆಂದು ನಂಬುವವರು ಇಂಥವರನ್ನು ಹತ್ತಿರದಿಂದ ನೋಡಿದವರಲ್ಲ. ಅಸೂಯೆ ಬಣ್ಣದಂತೆ ಹೊರಗಿನಿಂದ ಬಳಿದುಕೊಂಡದ್ದಲ್ಲ, ಮೂಗಿನ ಆಕಾರದಂತೆ ಹುಟ್ಟಿನಿಂದ ಬಂದದ್ದು. ಸಾಯುವ ತನಕ ಜೊತೆಗಿರುತ್ತದೆ. ಪ್ರೀತಿಯಿಲ್ಲದೆ ಅದು ಹುಟ್ಟುವುದಿಲ್ಲ, ಪ್ರೀತಿಯನ್ನು ಬಾಳಗೊಡುವುದೂ ಇಲ್ಲ. ಉದಾರಿಗಳಿಗೆ ಉದಾರವಾಗಿರುವುದು ಸುಲಭ, ಅದಕ್ಕಾಗಿ ಅವರನ್ನು ಹೊಗಳುವುದರಲ್ಲಿ ಅರ್ಥವಿಲ್ಲ. ಅಸೂಯೆಯ ಮನುಷ್ಯ ಉರಿಯುವುದನ್ನು ಉರಿಯಲು ಬಿಟ್ಟು, ಬಾಯಿ ಮುಚ್ಚಿಕೊಂಡು ಒಂದು ಸಂಜೆ ಕಳೆದನೆಂದರೆ, ಅವನು ಎಷ್ಟು ದೊಡ್ಡದನ್ನು ಕೊಟ್ಟನೆಂದು ಯಾರಿಗೂ ಕಾಣುವುದಿಲ್ಲ. ಅವನ ಮನೆಯ ಬಾಗಿಲಲ್ಲಿ ನಿಂತು, ಯಾರೂ ಕೇಳದೆಯೇ, ದಿನದ ಕಥೆ ಹೇಳತೊಡಗುವ ಹೆಂಗಸೊಬ್ಬಳಿಗೆ ಮಾತ್ರ ಕಾಣುತ್ತದೆ.